ಬೋರ್ಡಿನ ರೇಟು ಒಂದು, ಮನೆಗೆ ಬರುವ ರೇಟು ಇನ್ನೊಂದು: ಕಡಿಮೆ ಬಜೆಟ್ ಸ್ಕೂಟರ್‌ನ ಅಸಲಿ ಲೆಕ್ಕ

ತಿಪಟೂರು: ಬೆಳಿಗ್ಗೆ ಅಪ್ಪ ಅಂಗಡಿಗೆ, ಮಧ್ಯಾಹ್ನ ಅಮ್ಮ ಬ್ಯಾಂಕಿಗೆ, ಸಂಜೆ ಮಗಳು ಟ್ಯೂಷನ್‌ಗೆ. ಒಂದೇ ಗಾಡಿ, ಮೂರು ಜನ. ತಾಲ್ಲೂಕಿನ ಮನೆಗಳಲ್ಲಿ ಗೇರ್ ಬೈಕ್ ಬದಲು ಸ್ಕೂಟರ್ ಬರುತ್ತಿರೋದಕ್ಕೆ ಇದೇ ಕಾರಣ. ಕಾಲಿಡುವ ಜಾಗದಲ್ಲಿ ಒಂದು ಮೂಟೆ ದಿನಸಿಯೂ ಕೂರುತ್ತೆ. ಆದರೆ ಕೈಯಲ್ಲಿರುವ ದುಡ್ಡು ಎಷ್ಟರ ಗಾಡಿಗೆ ಸಾಲುತ್ತೆ ಅನ್ನೋದು ಶೋರೂಂ ಬೋರ್ಡ್ ನೋಡಿದರೆ ತಿಳಿಯೋದಿಲ್ಲ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಾಗಂತ ಬೆಲೆ ಶೇ 10ರಷ್ಟು ಇಳಿದಿಲ್ಲ. ಹಳೆ ಬೆಲೆ 85,000 ರೂ. ಇದ್ದ ಗಾಡಿಗೆ ತೆರಿಗೆ ಲೆಕ್ಕದಲ್ಲಿ ಇಳಿಕೆ ಸುಮಾರು 6,600 ರೂ. ಇದೂ ಒಳ್ಳೆ ಮೊತ್ತವೇ. ಆದರೆ ಅದಕ್ಕಿಂತ ಹೆಚ್ಚು ದುಡ್ಡು ಎಕ್ಸ್ ಶೋರೂಂ ಮತ್ತು ಆನ್ ರೋಡ್ ಬೆಲೆಗಳ ನಡುವೆ ಹೋಗುತ್ತದೆ.

ಒಂದು ಲಕ್ಷದ ಗೆರೆ

ರಾಜ್ಯದಲ್ಲಿ 50 ಸಾವಿರದಿಂದ 1 ಲಕ್ಷದವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಆಜೀವ ತೆರಿಗೆ ಶೇ 12. ಒಂದು ಲಕ್ಷ ದಾಟಿದರೆ ಶೇ 18. ಇದರ ಮೇಲೆ ಸೆಸ್ ಬೇರೆ. 99,000 ರೂ. ಗಾಡಿಗೆ ತೆರಿಗೆ 11,880 ರೂ. ಅದೇ ಗಾಡಿಯ ಮೇಲಿನ ಮಾದರಿ 1,01,000 ರೂ. ಆದರೆ ತೆರಿಗೆ 18,180 ರೂ. ಬೋರ್ಡಿನಲ್ಲಿ ಎರಡು ಸಾವಿರದ ವ್ಯತ್ಯಾಸ, ಜೇಬಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು! ಬ್ಲೂಟೂತ್ ಡಿಸ್‌ಪ್ಲೇ ಆಸೆಗೆ ಟಾಪ್ ಮಾಡೆಲ್ ಕೇಳುವವರು ಈ ಗೆರೆ ನೋಡಿಕೊಂಡು ಕೇಳೋದು ಒಳ್ಳೇದು.

ಇನ್ನು ವಿಮೆ. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇದರ ದರವನ್ನು ಸರ್ಕಾರ ನಿಗದಿ ಮಾಡುತ್ತೆ, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಗಾಡಿಯ ಸ್ವಂತ ಹಾನಿಯ ವಿಮೆಯನ್ನು ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. ಹೊರಗೆ ವಿಚಾರಿಸಿದರೆ ಕಡಿಮೆಗೆ ಸಿಗಬಹುದು. ಸೀಟ್ ಕವರ್, ಗಾರ್ಡ್, ಮ್ಯಾಟ್ ಎಲ್ಲ ಸೇರಿಸಿದ 'ಕಿಟ್' ಕೂಡ ಕಡ್ಡಾಯವಲ್ಲ. ಒಟ್ಟಿನಲ್ಲಿ 78,000 ರೂ. ಬೋರ್ಡಿನ ಗಾಡಿ ಮನೆಗೆ ಬರುವಾಗ 95 ಸಾವಿರದ ಹತ್ತಿರ ಹೋಗುತ್ತದೆ ಅಂತಿಟ್ಟುಕೊಂಡೇ ಬಜೆಟ್ ಹಾಕಬೇಕು.

ಓಡಿಸೋ ಮಜಾ ಎಲ್ಲಿದೆ?

ಆಕ್ಟಿವಾ, ಜುಪಿಟರ್‌ನಂಥ 110 ಸಿಸಿ ಗಾಡಿಗಳ ತೂಕ ಸುಮಾರು 105 ಕೆ.ಜಿ. ಊರೊಳಗಿನ ಓಡಾಟ, ಹಿಂದೆ ಒಬ್ಬರು, ಮುಂದೆ ಒಂದು ಚೀಲ. ಇಷ್ಟಕ್ಕೆ ಇವು ಸಾಕು. ಹುಡುಗರಿಗೆ ಡಿಯೊ, ಎನ್‌ಟಾರ್ಕ್ ಇಷ್ಟ. ನೋಡೋಕೂ ಚೆಂದ, ಎಳೆಯೋದೂ ಚುರುಕು. ಆದರೆ ಎನ್‌ಟಾರ್ಕ್ 125 ತೂಕ 118 ಕೆ.ಜಿ. ಅಂಗಡಿ ಮುಂದಿನ ಇಕ್ಕಟ್ಟಿನಲ್ಲಿ ದಿನಕ್ಕೆ ಹತ್ತು ಸಲ ಸ್ಟ್ಯಾಂಡ್ ಹಾಕುವವರಿಗೆ ಈ ಹತ್ತು ಹನ್ನೆರಡು ಕೆ.ಜಿ. ಗೊತ್ತಾಗುತ್ತೆ. ಯಮಹಾ ಫ್ಯಾಸಿನೊ 125 ಸಿಸಿ ಆದರೂ 99 ಕೆ.ಜಿ. ಮಾತ್ರ. ಹಗುರ ಮತ್ತು ಚುರುಕು ಎರಡೂ ಬೇಕೆನ್ನುವವರು ಒಮ್ಮೆ ಓಡಿಸಿ ನೋಡಬಹುದು.

ನಮ್ಮ ರಸ್ತೆಗಳಿಗೆ ಚಕ್ರವೂ ಮುಖ್ಯ. ಆಕ್ಟಿವಾದ ಹಿಂದಿನ ಚಕ್ರ 10 ಇಂಚು, ಜುಪಿಟರ್‌ನದು ಎರಡೂ 12 ಇಂಚು. ಗುಂಡಿಗೆ ಇಳಿದಾಗ ದೊಡ್ಡ ಚಕ್ರವೇ ವಾಸಿ. ತೋಟದ ದಾರಿಯಲ್ಲಿ ದಿನಾ ಓಡಾಡುವವರು ಮೈಲೇಜ್ ಕೇಳುವ ಮೊದಲು ಚಕ್ರ ನೋಡಬೇಕು. ಟೆಸ್ಟ್ ರೈಡ್ ಅನ್ನು ಶೋರೂಂ ಮುಂದಿನ ನುಣುಪು ಡಾಂಬರಿನಲ್ಲಷ್ಟೇ ಮುಗಿಸಬಾರದು. ಮನೆಯಲ್ಲಿ ಗಾಡಿಯನ್ನು ಹೆಚ್ಚು ಓಡಿಸುವವರೇ ಕೂತು ನೋಡಬೇಕು.

ಎಲೆಕ್ಟ್ರಿಕ್ ಮತ್ತು ಗೃಹಜ್ಯೋತಿ

ದಿನಕ್ಕೆ 30 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 750 ಕಿ.ಮೀ. ಲೀಟರಿಗೆ 45 ಕಿ.ಮೀ. ಕೊಡುವ ಗಾಡಿಗೆ ಸುಮಾರು 17 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂ. ಹಿಡಿದರೂ 1,700 ರೂ. ದಾಟುತ್ತದೆ. ಅದೇ ದೂರಕ್ಕೆ ಎಲೆಕ್ಟ್ರಿಕ್ ಗಾಡಿಗೆ ಯೂನಿಟ್‌ಗೆ 25 ಕಿ.ಮೀ. ಹಿಡಿದರೆ 30 ಯೂನಿಟ್ ಸಾಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಮನೆಯ ಹಳೆಯ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ. ಸರಾಸರಿ 90 ಯೂನಿಟ್ ಇದ್ದರೆ 99 ಉಚಿತ. ಸ್ಕೂಟರ್ ಬಂದ ಮೇಲೆ 120 ಆದರೆ 21 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಅದು ನೂರಿನ್ನೂರು ರೂಪಾಯಿ, ಚಿಂತೆ ಇಲ್ಲ. ಆದರೆ ಈಗಾಗಲೇ 180ರ ಆಸುಪಾಸು ಇರುವ ಮನೆ ಸ್ಕೂಟರ್‌ನಿಂದ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ. ಪೆಟ್ರೋಲ್ ಉಳಿತಾಯದ ಒಂದು ಭಾಗ ಅಲ್ಲಿಗೆ ಹೋಯಿತು.

'ಲೈಸೆನ್ಸ್ ಬೇಡ, ನಂಬರ್ ಬೇಡ' ಅಂತ ಮಾರುವ ಗಾಡಿಗಳ ವಿಷಯದಲ್ಲಿ ಎಚ್ಚರ ಬೇಕು. ಗಂಟೆಗೆ 25 ಕಿ.ಮೀ. ವೇಗ, 250 ವಾಟ್ ಮೋಟಾರ್ ಮಿತಿಯೊಳಗಿನ ಗಾಡಿಗೆ ಮಾತ್ರ ಈ ವಿನಾಯಿತಿ. ಲಾರಿ ಓಡುವ ಹೆದ್ದಾರಿಗೆ ಆ ವೇಗ ಸಾಲದು. ತಂತಿ ಬದಲಿಸಿ ವೇಗ ಹೆಚ್ಚಿಸಿದರೆ ವಿನಾಯಿತಿಯೂ ಹೋಗುತ್ತೆ. ಅಪಘಾತ ಆದಾಗ ವಿಮೆ ಇಲ್ಲದ ಗಾಡಿಯ ಪರಿಹಾರ ಮಾಲೀಕನ ತಲೆ ಮೇಲೆ ಬರುತ್ತೆ.

ಕಂತು ಸಣ್ಣದು, ಬಡ್ಡಿ ದೊಡ್ಡದು

'ಬಡ್ಡಿ ಬರೀ ಹತ್ತು ಪರ್ಸೆಂಟು' ಅಂದರೆ ಅದು ಫ್ಲಾಟ್ ದರವೋ, ಇಳಿಕೆ ಬಾಕಿಯ ದರವೋ ಅಂತ ಕೇಳಲೇಬೇಕು. 80,000 ರೂ. ಸಾಲ, 3 ವರ್ಷ, ಶೇ 10 ಫ್ಲಾಟ್ ಅಂದರೆ ಬಡ್ಡಿ 24,000 ರೂ., ತಿಂಗಳ ಕಂತು ಸುಮಾರು 2,890 ರೂ. ಬ್ಯಾಂಕ್ ಲೆಕ್ಕದಲ್ಲಿ ಇದು ಶೇ 18ರ ಸಾಲಕ್ಕೆ ಸಮ. ಸೊಸೈಟಿ, ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸದೆ ಶೋರೂಂ ಟೇಬಲ್ಲಿನಲ್ಲೇ ಸಹಿ ಹಾಕುವವರು ಈ ವ್ಯತ್ಯಾಸ ಕಳೆದುಕೊಳ್ಳುತ್ತಾರೆ.

ಬಜೆಟ್ 50 ಸಾವಿರದೊಳಗೆ ಇದ್ದರೆ ಸೆಕೆಂಡ್ ಹ್ಯಾಂಡ್ ದಾರಿ ಇದ್ದೇ ಇದೆ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫೈನಾನ್ಸ್‌ನವರ ನಿರಾಕ್ಷೇಪಣೆ ಪತ್ರ ಮತ್ತು ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ವಿಮೆಯನ್ನು 14 ದಿನದೊಳಗೆ ಹೊಸ ಹೆಸರಿಗೆ ಮಾಡಿಸಬೇಕು. ಹೆಸರು ಬದಲಾಗದ ಗಾಡಿ ಯಾರ ಕೈಯಲ್ಲಿ ಬಿದ್ದರೂ ಕೇಸು ಹಳೆ ಮಾಲೀಕನ ಮನೆಗೇ ಬರುತ್ತೆ. ಮಾರುವವರಿಗೂ ಇದು ನೆನಪಿರಲಿ.

ಕೊನೆಗೆ, ಪಿಯುಸಿ ಮಕ್ಕಳಿರುವ ಮನೆಗಳ ಮಾತು. 110 ಸಿಸಿ ಸ್ಕೂಟರ್‌ಗೆ 18 ವರ್ಷ ತುಂಬಿರಲೇಬೇಕು. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿವರೆಗಿನ ಗೇರ್‌ರಹಿತ ಗಾಡಿಗಷ್ಟೇ. ಅಪ್ರಾಪ್ತರು ಸಿಕ್ಕಿಬಿದ್ದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲಿಗೂ ಅವಕಾಶ ಇದೆ, ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತೆ. ಜಿಎಸ್‌ಟಿ ಇಳಿಕೆಯಲ್ಲಿ ಉಳಿದ ಆರು ಸಾವಿರದ ನಾಲ್ಕು ಪಟ್ಟು ಒಂದೇ ದಿನ ಹೋಗುತ್ತದೆ.