ಮನಸ್ಸು ಬದಲಾಯಿತಾ ಎಂದು ಕೇಳಬೇಡಿ

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದಾಗ ನಮ್ಮ ಕೊಪ್ಪದ ಹೋಟೆಲುಗಳಲ್ಲಿ ಎದ್ದ ಮೊದಲ ಪ್ರಶ್ನೆ, ‘ಕೋವಿ ಎಲ್ಲಿ?’ ಕೆಲವೇ ದಿನಗಳಲ್ಲಿ ಕಾಡಿನಲ್ಲಿ ಅವೂ ಸಿಕ್ಕವು. ಇನ್ನೊಂದು ಪ್ರಶ್ನೆ ಮಾತ್ರ ಈಗಲೂ ನಿಂತಿಲ್ಲ: ‘ಇವರ ಮನಸ್ಸು ನಿಜಕ್ಕೂ ಬದಲಾಗಿದೆಯಾ?’

ಈ ಸೀಮೆಯ ಹೈಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಹಬ್ಬಿದ್ದ ಕಾಲದಲ್ಲಿ ಸೀಗೆಕಾಯಿ ಕುಯ್ದು ತಂದದ್ದಕ್ಕೂ ಗಾರ್ಡುಗಳ ಬೈಗುಳ ತಿಂದ ಅಪ್ಪಂದಿರನ್ನು ನೋಡಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಅವರಿಗೆ ಕುರ್ಚಿ ಕೊಟ್ಟವರಿರಲಿಲ್ಲ. ಜಗಲಿಗೆ ಬಂದು ಕೂತು, ಕೊಟ್ಟ ಗಂಜಿ ಕುಡಿದು, ಮಾತನ್ನು ಕೊನೆತನಕ ಕೇಳಿಸಿಕೊಂಡವರು ಹೋರಾಟದ ಹುಡುಗರು. ಪುಸ್ತಕ ಓದಿ ಕಾಡು ಸೇರಿದವರೂ ಇದ್ದರು. ನಕ್ಸಲ್ ನಾಯಕ ಸಾಕೇತ್ ರಾಜನ್ ಅಂತೂ ಕರ್ನಾಟಕದ ಇತಿಹಾಸವನ್ನೇ ಬರೆದವರು. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮಾವೋ ಸಿಕ್ಕಿದ್ದು ಆಮೇಲೆ. ಮೊದಲು ಸಿಕ್ಕಿದ್ದು, ‘ಮೈಕ್ ಹಿಡಿ, ನೀನೂ ಮಾತಾಡ್ತೀಯ’ ಎಂದ ಯಾವಳೋ ಅಕ್ಕ.

ಚಳವಳಿಯ ಒಳಗೆ ಹೋದಮೇಲೆ ಕಟ್ಟಿಹಾಕುವುದು ಜೊತೆಗಾರರ ಸಾವು. 2003ರಲ್ಲಿ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು, 2005ರಲ್ಲಿ ಸಾಕೇತ್. ಸತ್ತವರನ್ನು ಬಿಟ್ಟು ಬರುವುದೆಂದರೆ ದ್ರೋಹ ಎನ್ನಿಸಿಬಿಡುತ್ತದೆ. ನಕ್ಸಲರು ಕೊಂದವರ ಮನೆಗಳೂ ಇದೇ ಕಾಡಂಚಿನಲ್ಲಿವೆ. ಅವರ ಲೆಕ್ಕ ಬೇರೆಯೇ ಇದೆ, ಅದನ್ನು ಯಾರೂ ಮನ್ನಾ ಮಾಡಲಾಗದು.

ಹಾಗಾದರೆ ಹೊರಬಂದದ್ದು ಹೇಗೆ? 2024ರ ನವೆಂಬರಿನಲ್ಲಿ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದರು. ಜೊತೆಗಾರರು ಬೆರಳೆಣಿಕೆಗೆ ಇಳಿದಿದ್ದರು, ವಯಸ್ಸಾಗುತ್ತಿತ್ತು, ಊರಿನ ಬಾಗಿಲುಗಳು ಮುಂಚಿನಂತೆ ತೆರೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ‘ಶಾಂತಿಗಾಗಿ ನಾಗರಿಕ ವೇದಿಕೆ’ಯವರು ಮಧ್ಯೆ ನಿಂತರು. ಹೋಗುವಾಗಲೂ ಬರುವಾಗಲೂ ಕೆಲಸ ಮಾಡಿದ್ದು ನಂಬಿಕಸ್ಥ ಮನುಷ್ಯರೇ. ಭಯೋತ್ಪಾದನೆಯ ಮನಃಶಾಸ್ತ್ರ ಅಧ್ಯಯನ ಮಾಡಿದ ಜಾನ್ ಹೋರ್ಗನ್ ಕೂಡ ಹಿಂಸೆ ಬಿಡುವುದೇ ಬೇರೆ, ವಿಚಾರ ಬಿಡುವುದೇ ಬೇರೆ ಎನ್ನುತ್ತಾರೆ. ಸಿದ್ಧಾಂತ ಉಳಿದುಕೊಂಡರೆ ಉಳಿಯಲಿ. ಚುನಾವಣೆಗೆ ನಿಲ್ಲಲಿ, ಸೋಲಲಿ, ನಮಗೇನು ಕಷ್ಟ?

ಶರಣಾದ ದಿನ ಗುಲಾಬಿ ಕೊಟ್ಟು ಸ್ವಾಗತಿಸಿದ ಮೇಲೆ ಆರೂ ಜನರನ್ನು ಜೈಲಿಗೆ ಕಳಿಸಲಾಯಿತು. ಕಾನೂನು ಅಂದಮೇಲೆ ಅದು ಸರಿಯೇ. ಆದರೆ ಕೇಸುಗಳು ಹಲವು ಠಾಣೆಗಳಲ್ಲಿ, ಕೇರಳದಲ್ಲೂ ಹಂಚಿಹೋಗಿವೆ. ಇಲ್ಲಿನವನ್ನಾದರೂ ಒಂದೇ ವಿಶೇಷ ನ್ಯಾಯಾಲಯಕ್ಕೆ ತಂದು ಬೇಗ ತೀರ್ಮಾನಿಸಲಿ. ಪುನರ್ವಸತಿಯ ಹಣ ಕಂತಿಗೆ ಸರಿಯಾಗಿ ಕೈಸೇರಲಿ. ಹಾಗೆಯೇ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಈ ಊರುಗಳವರು ಹಾಕಿದ ಅರ್ಜಿಗಳ ಕಡತವನ್ನೂ ಯಾರಾದರೂ ಬಿಚ್ಚಲಿ.