ದೀಪ ಹಚ್ಚುವ ಹೊತ್ತು

ಇತವಾರಿಯಲ್ಲಿ ಸಂಜೆಯೆಂದರೆ ವ್ಯಾಪಾರದ ಭರಾಟೆ. ಸರಾಫರ ಓಣಿಯಿಂದ ಕಿರಾಣಿ ಅಂಗಡಿಗಳವರೆಗೆ ಜನವೋ ಜನ. ಇದರ ನಡುವೆ ಮನೆ ಮಾಡಿಕೊಂಡಿರುವ ನಮ್ಮಂಥವರ ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಬೀದಿಯಲ್ಲಿ ಹಿಂದಿ. ಮಗಳು ಆಟ ಮುಗಿಸಿ ಬಂದು ಉಂಡು ಮಲಗುವವರೆಗಿನ ಎರಡು ತಾಸು ಮಾತ್ರ ಕನ್ನಡದ ಪಾಲಿಗೆ ಉಳಿದಿರುವುದು.

ಕೈಕಾಲು ತೊಳೆಸಿ, ಜಡೆ ಹೆಣೆದು, ದೀಪ ಹಚ್ಚಿ, ವಾರಗಳ ಹೆಸರು ಹೇಳಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಇದಕ್ಕೆ ನಾಗಪುರವೇ ಪಾಠದ ಪುಸ್ತಕ. ಇತವಾರಿ, ಮಂಗಳವಾರಿ, ಬುಧವಾರಿ, ಶುಕ್ರವಾರಿ ಎಂದು ಇಲ್ಲಿಯ ಪೇಟೆಗಳಿಗೆ ವಾರಗಳದೇ ಹೆಸರು. ಇಲ್ಲಿಯ ‘ಇತವಾರ’ವೂ ಧಾರವಾಡದ ಕಡೆಯ ಹಿರಿಯರಾಡುವ ‘ಐತವಾರ’ವೂ ‘ಆದಿತ್ಯವಾರ’ದಿಂದಲೇ ಬಂದವು. ತಾನಿರುವ ಪೇಟೆಯ ಹೆಸರು ಅಜ್ಜಿಯ ಬಾಯಲ್ಲಿಯೂ ಇದೆಯೆಂದು ತಿಳಿದ ಹುಡುಗಿಗೆ ಕನ್ನಡವು ಪರವೂರಿನ ಮಾತಾಗಿ ತೋರದು.

ಮಗಳು ಮರಾಠಿಯಲ್ಲಿ ಉತ್ತರ ಕೊಟ್ಟಳೆಂದು ನಾವು ಗದರಿಸಬೇಕಾಗಿಲ್ಲ. ಗದರಿಸಿದರೆ ಮಗು ಸುಮ್ಮನಾದೀತೇ ಹೊರತು ಕನ್ನಡ ಕಲಿಯದು. ‘ಭೂಕ ಲಾಗಲೀ’ ಎಂದಾಗ, ‘ಹಸಿವಾಯಿತೇನವ್ವಾ? ಬಾ, ಕೂಡು’ ಎಂದು ತಾಟು ಇಟ್ಟರೆ ಸಾಕು. ತುತ್ತಿನ ಜೊತೆಗೆ ಮಾತೂ ರುಚಿಸುತ್ತದೆ.

ಊಟವಾದ ಮೇಲೆ ಊರಿಗೆ ಫೋನು ಮಾಡಿ ಅವಳ ಕೈಗೇ ಕೊಡೋಣ. ಅಜ್ಜಿ ಕೇಳಿದ್ದನ್ನು ನಾವು ಮರಾಠಿಯಲ್ಲಿ ಬಿಡಿಸಿ ಹೇಳುವುದು ಬೇಡ. ತಡವರಿಸಿದರೂ ಅವಳೇ ಹೇಳಲಿ. ಮೊಮ್ಮಗಳಿಗೂ ಅಜ್ಜಿಗೂ ನಡುವೆ ದುಭಾಷಿಯ ಕೆಲಸ ನಮಗೆ ಬಾರದಿರಲಿ. ಅಕ್ಷರ ಕಲಿಸಲು ಬೇಸಿಗೆಯ ರಜೆಯಾದರೂ ಒದಗೀತು. ಮಾತಿಗೆ ಮಾತ್ರ ದಿನದಿನದ ಸಂಜೆಯೇ ಬೇಕು.