ಹತ್ತು ಮಂದಿ ಸಾಯುವವರೆಗೆ ಕಾಯುವ ನಕಾಶೆ

ರಸ್ತೆ ಅಪಘಾತದ ಸುದ್ದಿಯನ್ನು ನಾವು ಓದುವ ರೀತಿಯೇ ವಿಚಿತ್ರವಾದುದು. ಮೊದಲು ಮೃತರ ಹೆಸರು, ಪ್ರಾಯ, ಊರನ್ನು ನೋಡುತ್ತೇವೆ. ನಮ್ಮವರಲ್ಲ ಎಂದು ಖಾತರಿಯಾದ ಕೂಡಲೇ ಪುಟ ತಿರುಗಿಸುತ್ತೇವೆ. ನಮ್ಮವರೇ ಆಗಿದ್ದರೆ ಮಯ್ಯಿತ್ ನೋಡಲು ಹೋಗುತ್ತೇವೆ. ‘ಹುಡುಗ ಸ್ಪೀಡಾಗಿ ಹೋಗುತ್ತಿದ್ದನಂತೆ’ ಎಂಬ ಮಾತನ್ನು ಅಂಗಳದಲ್ಲಿ ಕೇಳಿಸಿಕೊಂಡು ಮರಳುತ್ತೇವೆ. ಅಪಘಾತ ಆದದ್ದು ಸರಿಯಾಗಿ ಎಲ್ಲಿ, ಅದೇ ಜಾಗದಲ್ಲಿ ಕಳೆದ ವರ್ಷ ಯಾರು ಸತ್ತರು, ಅದರ ಹಿಂದಿನ ವರ್ಷ ಯಾರು ಸತ್ತರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ, 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾದುವು. 1,68,491 ಮಂದಿ ಸತ್ತರು. ಅಂದರೆ, ದಿನವೊಂದಕ್ಕೆ 460ಕ್ಕಿಂತಲೂ ಅಧಿಕ. ಸತ್ತವರಲ್ಲಿ ಶೇ. 44.5 ಮಂದಿ ದ್ವಿಚಕ್ರ ಸವಾರರು, ಶೇ. 19.5 ಮಂದಿ ಪಾದಚಾರಿಗಳು. ಕಾರಿನಲ್ಲಿ ಸಂಚರಿಸುವವರ ಅನುಕೂಲಕ್ಕಾಗಿ ಅಗಲಗೊಳಿಸಲಾದ ರಸ್ತೆಯಲ್ಲಿ ಹೆಚ್ಚಾಗಿ ಸಾಯುತ್ತಿರುವುದು ಕಾರಿಲ್ಲದವರು. ಅದೂ ಪೊಲೀಸ್ ದಾಖಲೆಗೆ ಬಂದವರ ಲೆಕ್ಕ ಮಾತ್ರ. 2016ರಲ್ಲಿ ಸರಕಾರ 1,50,785 ಸಾವು ಎಂದು ಹೇಳಿದ್ದರೆ, ಆ ವರ್ಷದ ಸಾವು ಹೆಚ್ಚುಕಡಿಮೆ 2,99,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು.

ಈ ಸಾವುಗಳಿಗೆ ಕಾರಣವೇನು? 2022ರ ವರದಿಯು ಶೇ. 71ರಷ್ಟು ಸಾವಿಗೆ ಅತಿವೇಗವನ್ನು ಹೊಣೆ ಮಾಡುತ್ತದೆ. ಅತಿವೇಗ ಕೊಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಅಂಕಿ ಹುಟ್ಟುವುದು ಎಲ್ಲಿ? ಪೊಲೀಸ್ ಠಾಣೆಯಲ್ಲಿ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂಬ ಸಾಲು ನಮ್ಮ ಎಫ್‌ಐಆರ್‌ಗಳಲ್ಲಿ ಹೆಚ್ಚುಕಡಿಮೆ ಅಚ್ಚು ಹಾಕಿದಂತಿರುತ್ತದೆ. ತಿರುವಿನಲ್ಲಿ ದೀಪ ಇರಲಿಲ್ಲ, ಡಿವೈಡರ್‌ನ ಕೊನೆಗೆ ಬಣ್ಣ ಬಳಿದಿರಲಿಲ್ಲ, ಸರ್ವಿಸ್ ರಸ್ತೆ ಅರ್ಧಕ್ಕೇ ನಿಂತಿತ್ತು ಎಂಬುದನ್ನೆಲ್ಲ ಬರೆಯಲು ಆ ಸಾಲಿನಲ್ಲಿ ಜಾಗವಿಲ್ಲ. ಘಟನಾ ಸ್ಥಳದ ಬಗ್ಗೆ ಅದು ಹೇಳುತ್ತಿದ್ದುದಾದರೂ ಎಷ್ಟು? ಠಾಣೆಯಿಂದ ಇರುವ ದೂರ, ದಿಕ್ಕು, ಹೆಚ್ಚೆಂದರೆ ಇಂಥವರ ಅಂಗಡಿಯ ಎದುರು ಎಂಬ ಗುರುತು. ಅಂಗಡಿ ಮುಚ್ಚಿದರೆ ಗುರುತೂ ಹೋಯಿತು.

ಡಿಜಿಟಲ್ ನಕಾಶೆ ಮುಖ್ಯವಾಗುವುದು ಇಲ್ಲಿಯೇ. ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರಗಳು ರೂಪಿಸಿದ ‘ಐರ್‍ಯಾಡ್’ ಎಂಬ ವ್ಯವಸ್ಥೆಯು 2021ರಲ್ಲಿ ಪ್ರಾಯೋಗಿಕವಾಗಿ ಆರು ರಾಜ್ಯಗಳಲ್ಲಿ ಜಾರಿಗೆ ಬಂತು. ಅದರಲ್ಲಿ ಕರ್ನಾಟಕವೂ ಒಂದು. ಪೊಲೀಸ್ ಸಿಬ್ಬಂದಿ ಘಟನಾ ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ವಿವರ ಮತ್ತು ಚಿತ್ರಗಳನ್ನು ದಾಖಲಿಸಬೇಕು. ಉಪಗ್ರಹದ ನೆರವಿನಿಂದ ಆ ಜಾಗ ನಕಾಶೆಯಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಬಳಿಕ ಲೋಕೋಪಯೋಗಿ ಇಲಾಖೆ, ಸಾರಿಗೆ ಇಲಾಖೆ, ಆಸ್ಪತ್ರೆಗಳು ಅದೇ ದಾಖಲೆಗೆ ತಮ್ಮ ಭಾಗವನ್ನು ಸೇರಿಸಬೇಕು. ಒಂಟಿ ಚುಕ್ಕೆ ಏನನ್ನೂ ಹೇಳುವುದಿಲ್ಲ. ಇಪ್ಪತ್ತು ಚುಕ್ಕೆಗಳು ಒಂದೇ ತಿರುವಿನಲ್ಲಿ ಕಲೆತಾಗ, ಇಪ್ಪತ್ತು ಮಂದಿ ಬೇರೆ ಬೇರೆ ಚಾಲಕರು ಒಂದೇ ಜಾಗದಲ್ಲಿ ಅಜಾಗರೂಕರಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಏಳುತ್ತದೆ. ಅವೆಲ್ಲ ಸಂಜೆ ಏಳರ ನಂತರದವು ಎಂದಾದರೆ ದೀಪದ ಬಗ್ಗೆ, ಶಾಲೆ ಬಿಡುವ ಹೊತ್ತಿನವು ಎಂದಾದರೆ ದಾಟುವ ಜಾಗದ ಬಗ್ಗೆ ಉತ್ತರ ಹೇಳಬೇಕಾದವರು ಚಾಲಕರಲ್ಲ. ಅಂದಹಾಗೆ, ಸಿಬ್ಬಂದಿ ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಕುಳಿತು ಗುಂಡಿ ಒತ್ತಿದರೆ ಚುಕ್ಕೆ ಬೀಳುವುದು ಠಾಣೆಯ ಮೇಲೆ!

ಆದರೆ ಚುಕ್ಕೆಗಳನ್ನು ಎಣಿಸುವ ಸರಕಾರಿ ನಿಯಮವನ್ನು ನೋಡಿ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳಾಗಬೇಕು, ಇಲ್ಲವೇ ಹತ್ತು ಮಂದಿ ಸಾಯಬೇಕು. ಆಗ ಮಾತ್ರ ಅದು ‘ಬ್ಲ್ಯಾಕ್ ಸ್ಪಾಟ್’. ಮೂರು ವರ್ಷಗಳಲ್ಲಿ ನಾಲ್ಕು ಅಪಘಾತಗಳಲ್ಲಿ ನಾಲ್ವರನ್ನು ಬಲಿ ಪಡೆದ ತಿರುವಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಗೆ ಸೇರಿದ ಜಾಗಗಳ ಗತಿಯೂ ಅಷ್ಟಕ್ಕಷ್ಟೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಗುರುತಿಸಲಾದ 13,795 ಬ್ಲ್ಯಾಕ್ ಸ್ಪಾಟ್‌ಗಳ ಪೈಕಿ ಶಾಶ್ವತ ದುರಸ್ತಿಯಾದದ್ದು 5,036 ಮಾತ್ರ ಎಂದು 2024ರಲ್ಲಿ ಸರಕಾರವೇ ಸಂಸತ್ತಿಗೆ ತಿಳಿಸಿತ್ತು. ಸಾವಿಗೆ ಕಾಯದೆಯೂ ನಕಾಶೆ ಬರೆಯಬಹುದು. ನಾಗ್ಪುರದಲ್ಲಿ 2021ರಲ್ಲಿ ಆರಂಭವಾದ ‘ಐರಾಸ್ತೆ’ ಯೋಜನೆಯಲ್ಲಿ ನಗರದ ಬಸ್ಸುಗಳಿಗೆ ಕ್ಯಾಮರಾ ಅಳವಡಿಸಿ, ಢಿಕ್ಕಿಯ ಮುನ್ನೆಚ್ಚರಿಕೆ ಪದೇ ಪದೇ ಮೊಳಗುವ ಜಾಗಗಳನ್ನು ಗುರುತಿಸಲಾಯಿತು. ಅವುಗಳಿಗೆ ‘ಗ್ರೇ ಸ್ಪಾಟ್’ ಎಂದು ಹೆಸರು. ನಾಳೆಯ ಬ್ಲ್ಯಾಕ್ ಸ್ಪಾಟ್‌ಗಳು ಅವು.

ಹಾಗಂತ, ನಕಾಶೆಯನ್ನು ತಾಯಿತದಂತೆ ನಂಬುವುದೂ ಬೇಡ. ತಮಿಳುನಾಡು 2009ರಿಂದಲೇ ನಕಾಶೆ ಆಧಾರಿತ ಅಪಘಾತ ದಾಖಲೆಯನ್ನು ಇಟ್ಟಿದೆ. ಅಲ್ಲಿ 2016ರಲ್ಲಿ 17,218 ಇದ್ದ ಸಾವು 2019ರಲ್ಲಿ 10,525ಕ್ಕೆ ಇಳಿಯಿತು. ಇಡೀ ದೇಶ ಕೊಂಡಾಡಿತು. ಆ ಇಳಿಕೆಯ ಹಿಂದೆ ಆಂಬುಲೆನ್ಸ್, ತುರ್ತು ಚಿಕಿತ್ಸೆ, ರಸ್ತೆ ಗಸ್ತುಗಳೂ ಇದ್ದುವು. 2022ರಲ್ಲಿ ಸಾವು ಮತ್ತೆ 17,884ಕ್ಕೆ ಏರಿತು. ನಕಾಶೆ ಆಗಲೂ ಇತ್ತು.

ನಮ್ಮಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿಯಿದೆ. 2023ರ ಮಾರ್ಚ್‌ನಲ್ಲಿ ಅದ್ದೂರಿಯಾಗಿ ಉದ್ಘಾಟನೆಗೊಂಡ ಆ ರಸ್ತೆ ಆ ಒಂದೇ ವರ್ಷದಲ್ಲಿ 188 ಮಂದಿಯನ್ನು ನುಂಗಿತು. ಆಗಸ್ಟ್ 1ರಿಂದ ಬೈಕ್, ಆಟೋಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು, ವೇಗ ಅಳೆಯುವ ಕ್ಯಾಮರಾಗಳು ಬಂದುವು. 2024ರಲ್ಲಿ ಸಾವಿನ ಸಂಖ್ಯೆ 50ರ ಆಸುಪಾಸಿಗೆ ಇಳಿಯಿತು. ಚಾಲಕರ ಸ್ವಭಾವ ಒಂದೇ ವರ್ಷದಲ್ಲಿ ಬದಲಾಯಿತೆಂದು ಯಾರೂ ವಾದಿಸಲಾರರು. ಬದಲಾದದ್ದು ವ್ಯವಸ್ಥೆ. ಸರ್ವಿಸ್ ರಸ್ತೆಗೆ ತಳ್ಳಲ್ಪಟ್ಟ ಬೈಕ್ ಸವಾರನಿಗೆ ಅಲ್ಲಿ ಎಂಥ ರಸ್ತೆ ಸಿಕ್ಕಿದೆ ಎಂಬುದು ಬೇರೆಯೇ ಪ್ರಶ್ನೆ.

ಇನ್ನು ಕಾನೂನಿನ ಮಾತು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್‌ನಂತೆ, ಅಪ್ರಾಪ್ತ ಮಗ ವಾಹನ ಓಡಿಸಿ ತಪ್ಪೆಸಗಿದರೆ ತಂದೆಗೆ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಆಗಲಿ. ಮೀಸೆ ಮೂಡುವ ಮೊದಲೇ ಮಗನ ಕೈಗೆ ಬೈಕಿನ ಕೀಲಿ ಕೊಡುವವರು ನಮ್ಮ ನಡುವೆ ಕಡಿಮೆಯೇನಿಲ್ಲ. ಹೆಲ್ಮೆಟ್ ಇಲ್ಲದೆ 2022ರಲ್ಲಿ 50,029 ಮಂದಿ ಸತ್ತಿದ್ದಾರೆ. ಆದರೆ ಅದೇ ಕಾಯ್ದೆಯ 198ಎ ಸೆಕ್ಷನನ್ನೂ ಓದಬೇಕು: ದೋಷಪೂರ್ಣ ರಸ್ತೆಯಿಂದಾಗಿ ವ್ಯಕ್ತಿ ಸತ್ತರೆ ಅಥವಾ ಅಂಗವಿಕಲನಾದರೆ, ರಸ್ತೆ ನಿರ್ಮಿಸಿದ ಗುತ್ತಿಗೆದಾರ ಅಥವಾ ಪ್ರಾಧಿಕಾರಕ್ಕೆ ಗರಿಷ್ಠ ಒಂದು ಲಕ್ಷ ರೂ. ದಂಡ. ಜೈಲಿಲ್ಲ.

ಆ ಒಂದು ಲಕ್ಷದ ದಂಡವನ್ನಾದರೂ ವಿಧಿಸಬೇಕಾದರೆ ರಸ್ತೆಯ ದೋಷ ಸಾಬೀತಾಗಬೇಕು. ಅದಕ್ಕೆ ಬೇಕಾದ ಬಲವಾದ ಸಾಕ್ಷ್ಯವೇ ಆ ಚುಕ್ಕೆಗಳು. ಅಪಘಾತದ ಮೊದಲ ವರದಿ 48 ಗಂಟೆಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ತಲುಪಬೇಕೆಂದು 2022ರಿಂದ ನಿಯಮವಿದೆ. ಮೃತರ ಕುಟುಂಬದವರು ಅದರ ಪ್ರತಿಯನ್ನು ಕೇಳಿ ಪಡೆಯಬೇಕು, ಗುರುತಿಸಿದ ಜಾಗ ಸರಿಯಿದೆಯೇ ಎಂದು ನೋಡಬೇಕು. ಮಸೀದಿಯ ಜಮಾಅತ್ ಕಮಿಟಿಗಳಾಗಲಿ, ಪುರಸಭೆಯ ಸದಸ್ಯರಾಗಲಿ ಮುಂದಿನ ಬಾರಿ ಜಿಲ್ಲಾಧಿಕಾರಿಗೆ ಮನವಿ ಕೊಡುವಾಗ ‘ಹಂಪ್ ಹಾಕಿಸಿ ಕೊಡಿ’ ಎಂದಷ್ಟೇ ಬರೆಯದಿರಲಿ. ನಮ್ಮ ಊರಿನ ಹತ್ತು ಕಿಲೋಮೀಟರ್ ವ್ಯಾಪ್ತಿಯ ಮೂರು ವರ್ಷಗಳ ಅಪಘಾತ ನಕಾಶೆಯನ್ನು ಕೊಡಿ ಎಂದು ಕೇಳಲಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಿದೆ, ಅರ್ಜಿಯ ಶುಲ್ಕ ಹತ್ತು ರೂಪಾಯಿ.